ದುಬಾರಿ ಡಬ್ಬಿ, ತೆಳ್ಳನೆ ಹಾಲು: ಚಿತ್ತಾಪುರ ತಾಲೂಕಿನ ಒಂದು ಕೂಸಿನ ಪ್ರಕರಣ

ಕಲಬುರಗಿಯಲ್ಲಿ ನಮ್ಮದೊಂದು ಮೆಡಿಕಲ್ ಅಂಗಡಿ ಇದೆ. ಹಾಲಿನ ಪೌಡರ್ ಡಬ್ಬಿ ಕೇಳಿಕೊಂಡು ಬರುವವರು ದಿನಾ ಇರುತ್ತಾರೆ, ಮತ್ತು ಹತ್ತರಲ್ಲಿ ಎಂಟು ಮಂದಿ ಕೇಳುವುದು ಒಂದೇ ಪ್ರಶ್ನೆ: ಯಾವ ಡಬ್ಬಿ ಚಲೋ? ಈ ಪ್ರಶ್ನೆಗೆ ನಾನು ಕೊಡುವ ಉತ್ತರ ಹೇಗೆ ಬಂತು ಅಂತ ತೋರಿಸಲು ಒಂದೇ ಮನೆಯ ಕಥೆಯನ್ನು ಪೂರ್ತಿ ಬರೆಯುತ್ತಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿರುವುದು. ಹೆಸರು ಹಾಕಿಲ್ಲ, ಗುರುತು ಸಿಗುವ ಒಂದೆರಡು ವಿವರ ಬದಲಿಸಿದ್ದೇನೆ. ತೂಕ, ಅಳತೆ, ರೊಕ್ಕದ ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ.

ತಂದೆ ಇಲ್ಲಿನ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳ ತಿಂಗಳಿಗೆ ₹18,000. ಹೆಂಡತಿಯ ತವರು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ. ಚೊಚ್ಚಲ ಹೆರಿಗೆ, ಸಿಸೇರಿಯನ್, ಹೆಣ್ಣು ಕೂಸು, ಹುಟ್ಟಿದಾಗ ತೂಕ 2.9 ಕೆ.ಜಿ. ಅವಧಿ ತುಂಬಿ ಹುಟ್ಟಿದ ಆರೋಗ್ಯದ ಕೂಸು.

ಡಬ್ಬಿ ಮನೆಗೆ ಬಂದದ್ದು ಎರಡನೇ ದಿನ. ಹೆರಿಗೆಯಾದ ನರ್ಸಿಂಗ್ ಹೋಮ್‌ನಲ್ಲಿ ಕೂಸು ರಾತ್ರಿ ಪೂರ್ತಿ ಅತ್ತಿತು, ಬಾಣಂತಿಗೆ ಹಾಲು ಇಳಿದಿಲ್ಲ, ಒಂದು ಡಬ್ಬಿ ತಂದುಬಿಡಿ ಅಂದರು. ಇದು ಎಲ್ಲ ಕಡೆ ನಡೆಯುವುದೇ. ಸಿಸೇರಿಯನ್ ಆದವರಿಗೆ ಹಾಲು ತುಂಬಿ ಬರಲು ಮೂರ್ನಾಲ್ಕು ದಿನ ಹಿಡಿಯುವುದು ಸಾಮಾನ್ಯ. ಅಲ್ಲಿಯವರೆಗೆ ಬರುವ ಹಳದಿ ಗಿಣ್ಣು ಹಾಲು ಚಮಚದಷ್ಟೇ ಇರುತ್ತದೆ, ಆ ದಿನಗಳ ಕೂಸಿನ ಹೊಟ್ಟೆಗೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ. ಮೊದಲ ವಾರದಲ್ಲಿ ಹುಟ್ಟಿದ ತೂಕದ ನೂರಕ್ಕೆ ಏಳರಿಂದ ಹತ್ತರವರೆಗೂ ಇಳಿಯುವುದುಂಟು, ಎರಡು ವಾರದೊಳಗೆ ವಾಪಸ್ ಬರುತ್ತದೆ. ಇದನ್ನು ಯಾರೂ ಕೂತು ಹೇಳಲಿಲ್ಲ. ಸುಮ್ನೆ ಡಬ್ಬಿ ಅಂದರು, ಇವರು ತಂದರು.

ಮೊದಲ ಡಬ್ಬಿ ಸಾಧಾರಣ ಬೆಲೆಯದು, 400 ಗ್ರಾಂಗೆ ₹450ರ ಆಸುಪಾಸು. ಬಾಣಂತಿ ತವರಿಗೆ ಹೋದಳು. ಎದೆಹಾಲು ಕೊಡುತ್ತಿದ್ದಳು, ನಡುನಡುವೆ ದಿನಕ್ಕೆ ಐದು ಸಲ 60 ಮಿ.ಲೀ. ಬಾಟ್ಲಿ ಹಾಲು. ಡಬ್ಬಿಯ ಮೇಲೆ ಬರೆದಂತೆ 30 ಮಿ.ಲೀ. ನೀರಿಗೆ ಒಂದು ಚಮಚ, ಅಂದರೆ 60ಕ್ಕೆ ಎರಡು. ಬೆರೆಸುತ್ತಿದ್ದವಳು ಬಾಣಂತಿಯ ತಂಗಿ, ಪಿಯುಸಿ ಓದುವ ಹುಡುಗಿ, ಓದಿ ನೋಡಿಯೇ ಹಾಕುತ್ತಿದ್ದಳು.

ನಾಲ್ಕನೇ ವಾರ ಮುಗಿಯುವ ಹೊತ್ತಿಗೆ ಮನೆಯಲ್ಲಿ ಗಲಿಬಿಲಿ ಶುರುವಾಯಿತು. ಸಂಜೆಯಾದರೆ ಕೂಸು ಎರಡು ತಾಸು ಬಿಡದೆ ಅಳುತ್ತಿತ್ತು. ಎರಡು ದಿನಕ್ಕೊಮ್ಮೆ ಕಕ್ಕ, ಅದೂ ಸ್ವಲ್ಪ ಗಟ್ಟಿ. ತೊಟ್ಟಿಲ ಕಾರ್ಯಕ್ಕೆ ಬಂದಿದ್ದ ಹೈದರಾಬಾದಿನ ಸಂಬಂಧಿಯೊಬ್ಬರು ಡಬ್ಬಿ ನೋಡಿ, ಇದು ಹಳೇ ಕಾಲದ್ದು, ನಮ್ಮ ಮೊಮ್ಮಗನಿಗೆ ನಾವು ಕೊಡುವುದು ಬೇರೆ, ಅದರಲ್ಲಿ ಬುದ್ಧಿ ಬೆಳೆಯುವುದೆಲ್ಲ ಇರುತ್ತದೆ ಅಂದರು. ತಂದೆ ಮಾರನೇ ದಿನವೇ ಆ ಡಬ್ಬಿ ತಂದ. 400 ಗ್ರಾಂಗೆ ₹850.

ಅವನು ನಮ್ಮ ಅಂಗಡಿಗೆ ಬಂದದ್ದು ಕೂಸಿಗೆ ಏಳು ವಾರ ಆದಾಗ. ಕೇಳಿದ್ದು ಮೂರನೇ ಡಬ್ಬಿ.

"ಕೂಸಿಗಿ ಹಾಲು ಹೊಂದವಲ್ದು ರೀ ಅಣ್ಣಾರ. ಹಸಿರು ಸಂಡಾಸ್ ಆಗ್ಲಕತ್ತದ, ತೂಕಾನೂ ಏರವಲ್ದು. ಲ್ಯಾಕ್ಟೋಸ್ ಇಲ್ಲದ್ದು ಬರ್ತದಂತಲ್ಲ, ಅದು ಕೊಡ್ರಿ."

ಯಾರು ಹೇಳಿದರು ಅಂದೆ. ಮೊಬೈಲ್‌ನಲ್ಲಿ ನೋಡಿದೆ ಅಂದ. ಡಾಕ್ಟರ್ ಚೀಟಿ ಇರಲಿಲ್ಲ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇಲ್ಲದ ಡಬ್ಬಿ ನಮ್ಮ ಕಪಾಟಿನಲ್ಲಿ ಇತ್ತು, ಆದರೆ ಚೀಟಿ ಇಲ್ಲದೆ ಅದನ್ನು ನಾನು ಕೊಡುವುದಿಲ್ಲ. ಬದಲಿಗೆ ತಾಯಿ ಕಾರ್ಡ್, ಅಂದರೆ ಬಾಣಂತಿ ಮತ್ತು ಕೂಸಿನ ತೂಕ, ಲಸಿಕೆ ಎಲ್ಲ ಬರೆದಿಡುವ ಕಾರ್ಡ್, ಇದೆಯಾ ಅಂತ ಕೇಳಿದೆ. ಫೋನಿನಲ್ಲಿ ಫೋಟೋ ತರಿಸಿದ. ಪ್ರಕರಣ ಬಿಚ್ಚಿಕೊಂಡದ್ದು ಅಲ್ಲಿಂದ.

ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಬಂದು ಹೋಗಬೇಕು ಅಂತ ನಿಯಮ. ಎಷ್ಟೋ ಜನ ಇದನ್ನು ಕಾಟಾಚಾರ ಅಂದುಕೊಂಡು, ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ. ಈ ಊರಿನ ಆಶಾ ಪ್ರತಿ ಸಲವೂ ತೂಕ ಹಾಕಿ ಬರೆದಿದ್ದಳು, ಅವಳಿಗೆ ಕೈಮುಗಿಯಬೇಕು. 7ನೇ ದಿನ 2.75. 14ಕ್ಕೆ 2.95. 21ಕ್ಕೆ 3.15. 28ಕ್ಕೆ 3.35. ಇಲ್ಲಿಯವರೆಗೆ ವಾರಕ್ಕೆ 200 ಗ್ರಾಂ, ದಿನಕ್ಕೆ ಹತ್ತಿರ ಹತ್ತಿರ 28 ಗ್ರಾಂ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸರಿ ಅಂತ ಲೆಕ್ಕ, ಅಂದರೆ ಏನೂ ತೊಂದರೆ ಇಲ್ಲ. 42ನೇ ದಿನ, ಒಂದೂವರೆ ತಿಂಗಳ ಲಸಿಕೆ ಹಾಕಿಸಿದ ದಿನ, 3.45. ಹದಿನಾಲ್ಕು ದಿನಕ್ಕೆ ಬರೀ 100 ಗ್ರಾಂ. ಕಾರ್ಡಿನಲ್ಲಿ ತೂಕದ ಗೆರೆ ಸರಿ ತೂಕದ ಹಸಿರು ಪಟ್ಟಿ ಬಿಟ್ಟು ಕಡಿಮೆ ತೂಕದ ಹಳದಿಗೆ ಇಳಿಯುತ್ತಿತ್ತು.

ಯಾವ ಡಬ್ಬಿ "ಹೊಂದಲಿಲ್ಲ" ಅಂತ ಬದಲಿಸಿದರೋ, ಆ ಡಬ್ಬಿಯ ಕಾಲದಲ್ಲಿ ಕೂಸು ಚೆನ್ನಾಗಿ ಬೆಳೆದಿತ್ತು. ಬೆಳವಣಿಗೆ ನಿಂತದ್ದು ದುಬಾರಿ ಡಬ್ಬಿ ಬಂದ ಮೇಲೆ.

ಹಾಗಾದರೆ ದುಬಾರಿ ಡಬ್ಬಿಯಲ್ಲಿ ದೋಷ ಇತ್ತಾ? ಇರಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: ಒಂದು ಡಬ್ಬಿ ಎಷ್ಟು ದಿನ ಬರುತ್ತದೆ? "ಎಂಟು ಒಂಬತ್ತು ದಿನ ಬರ್ತದ್ರಿ" ಅಂದ, ಸ್ವಲ್ಪ ಹೆಮ್ಮೆಯಿಂದಲೇ. ದಿನಕ್ಕೆ ಎಷ್ಟು ಬಾಟ್ಲಿ? ಏಳು. ಒಂದೊಂದರಲ್ಲಿ ಎಷ್ಟು? ತೊಂಬತ್ತರ ಗೆರೆಯವರೆಗೆ. ಎದೆಹಾಲು? ಈಗ ಕಡಿಮೆ, ಕೂಸು ಎಳೆಯುವುದಿಲ್ಲ, ರಾತ್ರಿ ಒಂದೆರಡು ಸಲ.

ಲೆಕ್ಕ ಬರೆಯುವವನಿಗೆ ಲೆಕ್ಕದಲ್ಲೇ ತೋರಿಸುವುದು ಸುಲಭ ಅಂತ ಬಿಲ್ಲಿನ ಹಿಂದೆ ಬರೆದೆ. ಏಳು ಬಾಟ್ಲಿ, ತೊಂಬತ್ತು ಮಿ.ಲೀ., ಒಟ್ಟು 630. ಈ ಡಬ್ಬಿಯದೂ 30ಕ್ಕೆ ಒಂದು ಚಮಚ, ಅಂದರೆ ದಿನಕ್ಕೆ 21 ಚಮಚ. ಚಮಚಕ್ಕೆ ಸುಮಾರು ನಾಲ್ಕೂವರೆ ಗ್ರಾಂ ಹಿಡಿದರೆ 94-95 ಗ್ರಾಂ ಪುಡಿ. 400 ಗ್ರಾಂ ಡಬ್ಬಿ ನಾಲ್ಕು ದಿನ ದಾಟಿ ಐದನೇ ದಿನಕ್ಕೆ ಖಾಲಿಯಾಗಬೇಕು. ಎಂಟು ಒಂಬತ್ತು ದಿನ ಬರುತ್ತಿದೆ ಅಂದರೆ ಅರ್ಧದಷ್ಟು ಪುಡಿ ಬಾಟ್ಲಿಗೆ ಬೀಳುತ್ತಲೇ ಇಲ್ಲ.

ಅವನು ಅಲ್ಲೇ ಅತ್ತೆಗೆ ಫೋನ್ ಹಚ್ಚಿದ. ತಂಗಿಗೆ ಕಾಲೇಜು ಶುರುವಾಗಿತ್ತು, ಈಗ ಬೆರೆಸುತ್ತಿದ್ದವರು ಕೂಸಿನ ಅಜ್ಜಿ, ಅಂದರೆ ಆ ಅತ್ತೆಯೇ. ಅವರು ಹೇಳಿದ್ದು ಹೀಗೆ: "ಭಾರಿ ಡಬ್ಬಿ ಅದ, ಪವರ್ ಜಾಸ್ತಿ ಇರ್ತದಲ್ಲಪ್ಪ. ಅದಕ್ಕ ತೊಂಬತ್ತಕ್ಕ ಒಂದೂವರಿ ಚಮಚ ಹಾಕ್ತೀನಿ. ಮೂರು ಹಾಕಿದ್ರ ಗಟ್ಟಿ ಆಗಿ ಕೂಸಿನ ಹೊಟ್ಟಿ ಕಟ್ತದ. ಮತ್ತ ನೀನೂ ಎಷ್ಟ್ ಅಂತ ರೊಕ್ಕ ಹಾಕ್ತಿ?"

ಮೂರು ಕಾರಣ ಒಂದೇ ಉಸಿರಿನಲ್ಲಿ. ಬೆಲೆ ಜಾಸ್ತಿ, ಹಾಗಾಗಿ ಶಕ್ತಿ ಜಾಸ್ತಿ ಇರಬೇಕು. ಹಿಂದೆ ಕಕ್ಕ ಗಟ್ಟಿಯಾಗಿತ್ತು, ತೆಳ್ಳಗೆ ಮಾಡಿದರೆ ಸರಿಹೋಗಬಹುದು. ಅಳಿಯನ ಜೇಬು ಉಳಿಯಲಿ. ಇದರಲ್ಲಿ ಯಾವುದೂ ದಡ್ಡತನ ಅಲ್ಲ, ಮೂರೂ ಪ್ರೀತಿಯಿಂದಲೇ ಬಂದದ್ದು, ಮತ್ತು ನಮ್ಮ ಕಡೆ ಅಜ್ಜಿ ಹಾಕಿದ ಅಳತೆಯನ್ನು ಬಾಣಂತಿ ಎದುರು ನಿಂತು ಪ್ರಶ್ನಿಸುವುದಿಲ್ಲ, ಅಲ್ವಾ?

ಆದರೆ ಕೂಸಿಗೆ ಸಿಕ್ಕದ್ದೇನು? ಸರಿಯಾಗಿ ಬೆರೆಸಿದ ಡಬ್ಬಿ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 65-70 ಕಿಲೋಕ್ಯಾಲರಿ ಇರುತ್ತದೆ, ಎದೆಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಇವರ ಬಾಟ್ಲಿಯಲ್ಲಿ ಅದರ ಅರ್ಧ. ಹೊಟ್ಟೆ ತುಂಬುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ಹಸಿದ ಕೂಸು ಮತ್ತೆ ಅಳುತ್ತಿತ್ತು, ಮತ್ತೆ ಬಾಟ್ಲಿ ಕೊಡುತ್ತಿದ್ದರು. ಬಾಟ್ಲಿಯಿಂದ ಹೊಟ್ಟೆ ತುಂಬಿದ ಕೂಸು ಎದೆ ಎಳೆಯುವುದು ಕಡಿಮೆ ಮಾಡುತ್ತದೆ, ಎಳೆಯದಿದ್ದರೆ ಹಾಲು ಉತ್ಪತ್ತಿ ಇಳಿಯುತ್ತದೆ. ಆ ಹಸಿರು ಕಕ್ಕ ಕೂಡ ಲ್ಯಾಕ್ಟೋಸಿನದ್ದೇ ಆಗಬೇಕಿಲ್ಲ. ಸಾಕಷ್ಟು ಆಹಾರ ಸಿಗದ ಕೂಸು ಸ್ವಲ್ಪ ಸ್ವಲ್ಪ, ಹಸಿರು, ಲೋಳೆಯಂತೆ ಮಾಡುವುದುಂಟು. ತೆಳ್ಳನೆ ಹಾಲಿನಲ್ಲಿ ಇನ್ನೊಂದು ಅಪಾಯ ಇದೆ, ಅದನ್ನು ತಂದೆಗೆ ಹೇಳಿದಾಗ ಅವನ ಮುಖ ಸಣ್ಣದಾಯಿತು: ಸಣ್ಣ ಕೂಸಿಗೆ ನೀರು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ನಮ್ಮ ಬೇಸಿಗೆಯಲ್ಲಿ, 42 ಡಿಗ್ರಿ ದಾಟಿದಾಗ, ಆರು ತಿಂಗಳೊಳಗಿನ ಕೂಸಿಗೂ ಮೇಲೆ ನೀರು ಕುಡಿಸುವ ರೂಢಿ ಇದೆಯಲ್ಲ, ಅದೂ ಇದೇ ಸಾಲಿಗೆ ಸೇರುತ್ತದೆ. ಬೇಕಾದ ನೀರು ಹಾಲಿನಲ್ಲೇ ಇರುತ್ತದೆ.

ಆದರೂ ನನ್ನದು ಅಂಗಡಿ, ಆಸ್ಪತ್ರೆ ಅಲ್ಲ. ತೂಕ ಏರದ ಕೂಸಿಗೆ ಸೋಂಕು, ಹೃದಯದ ತೊಂದರೆ, ಹಾಲಿನ ಪ್ರೋಟೀನಿನ ಅಲರ್ಜಿ ಏನು ಬೇಕಾದರೂ ಇರಬಹುದು. ನಾಳೆಯೇ ಮಕ್ಕಳ ಡಾಕ್ಟರ ಹತ್ತಿರ ಹೋಗು, ಕಾರ್ಡು, ಡಬ್ಬಿ, ಬಾಟ್ಲಿ, ಅಜ್ಜಿ ನಾಲ್ಕನ್ನೂ ಕರೆದುಕೊಂಡು ಹೋಗು ಅಂದೆ. ಅಜ್ಜಿ ಬರಬೇಕು ಅಂತ ಒತ್ತಿ ಹೇಳಿದೆ, ಏಕೆಂದರೆ ಬೆರೆಸುವವರು ಕೇಳಿಸಿಕೊಳ್ಳದಿದ್ದರೆ ಡಾಕ್ಟರ ಮಾತು ಬಸ್ ಸ್ಟ್ಯಾಂಡಿನವರೆಗೂ ಬರುವುದಿಲ್ಲ.

ಡಾಕ್ಟರ ಹತ್ತಿರ ಆದದ್ದನ್ನು ತಂದೆ ಆಮೇಲೆ ವಿವರವಾಗಿ ಹೇಳಿದ. ಅಂದು ತೂಕ 3.5. ಜ್ವರ ಇಲ್ಲ, ಕಕ್ಕದಲ್ಲಿ ರಕ್ತ ಇಲ್ಲ, ಮೈಮೇಲೆ ದದ್ದು ಇಲ್ಲ, ಎದೆ ಬಡಿತ ಸರಿ. ಲ್ಯಾಕ್ಟೋಸ್ ಬಗ್ಗೆ ಡಾಕ್ಟರು ಹೇಳಿದ್ದು ನನಗೂ ಎಲ್ಲರಿಗೂ ಹೇಳಬೇಕು ಅನ್ನಿಸುವ ಮಾತು: ಎದೆಹಾಲಿನ ಸಕ್ಕರೆಯೇ ಲ್ಯಾಕ್ಟೋಸ್, ಹುಟ್ಟಿನಿಂದಲೇ ಅದನ್ನು ಅರಗಿಸಲಾಗದ ಕೂಸು ತೀರಾ ಅಪರೂಪ. ದೊಡ್ಡವರಲ್ಲಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬೇರೆ ವಿಷಯ, ಅದು ವಯಸ್ಸಾದಂತೆ ಬರುವುದು. ಹಾಲಿನ ಪ್ರೋಟೀನಿನ ಅಲರ್ಜಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಇರಬಹುದು, ಆದರೆ ಅದಕ್ಕೆ ಲ್ಯಾಕ್ಟೋಸ್ ಇಲ್ಲದ ಡಬ್ಬಿ ಮದ್ದಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಅದೇ ಹಾಲಿನ ಪ್ರೋಟೀನಿನಿಂದಲೇ ಮಾಡಿದ್ದು. ಅದಕ್ಕೆ ಪ್ರೋಟೀನನ್ನು ಪೂರ್ತಿ ಚೂರು ಮಾಡಿದ ಬೇರೆಯೇ ಡಬ್ಬಿ ಬರುತ್ತದೆ, ಡಾಕ್ಟರು ಬರೆದುಕೊಟ್ಟರೆ ಮಾತ್ರ. ಸೋಯಾ ಡಬ್ಬಿಯನ್ನೂ ಆರು ತಿಂಗಳೊಳಗೆ ನಮ್ಮಷ್ಟಕ್ಕೆ ನಾವೇ ಕೊಡುವ ಹಾಗಿಲ್ಲ.

ಮತ್ತೆ ಆ ಸಂಜೆ ಅಳು, ಈ ಕಥೆ ಶುರುವಾದದ್ದೇ ಅದರಿಂದ? ಎರಡನೇ ವಾರದಿಂದ ಅಳು ಏರುತ್ತಾ ಹೋಗಿ ಆರನೇ ವಾರದ ಹೊತ್ತಿಗೆ ತುತ್ತತುದಿಗೆ ಬರುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಎದೆಹಾಲು ಕುಡಿದವೂ ಅಳುತ್ತವೆ. ನಮ್ಮಲ್ಲಿ ಡಬ್ಬಿ ಬದಲಿಸಲು ಬರುವವರ ಕೂಸುಗಳ ವಯಸ್ಸು ಕೇಳಿ ನೋಡಿ, ಬಹಳಷ್ಟು ಒಂದರಿಂದ ಎರಡು ತಿಂಗಳ ನಡುವಿನವು. ಬದಲಿಸಿದ ಮೇಲೆ ಅಳು ನಿಂತಿತು ಅನ್ನುವವರೂ ಇದ್ದಾರೆ, ಎರಡು ವಾರ ಸುಮ್ಮನಿದ್ದಿದ್ದರೂ ನಿಲ್ಲುತ್ತಿತ್ತೋ ಏನೋ. ಎರಡು ದಿನಕ್ಕೊಮ್ಮೆ ಸ್ವಲ್ಪ ಗಟ್ಟಿ ಕಕ್ಕ ಡಬ್ಬಿ ಹಾಲು ಕುಡಿಯುವ ಮಕ್ಕಳಲ್ಲಿ ಕಾಣುವುದೇ. ಮೊದಲ ಡಬ್ಬಿ ಬದಲಿಸಲು ಕಾರಣವೇ ಇರಲಿಲ್ಲ.

ಈಗ ಡಬ್ಬಿ ಆರಿಸುವ ವಿಷಯಕ್ಕೆ ಬರುತ್ತೇನೆ. ಡಾಕ್ಟರು, ಒಂದನೇ ಹಂತದ, ಅಂದರೆ ಆರು ತಿಂಗಳೊಳಗಿನ ಕೂಸಿನ, ಯಾವ ಡಬ್ಬಿಯಾದರೂ ಸರಿ, ನಿಮಗೆ ಯಾವುದು ಪೂರೈಸುತ್ತದೆ ನೋಡಿ ಅಂದಿದ್ದರು. ಅವನು ಅಲ್ಲಿಂದ ಸೀದಾ ನಮ್ಮಲ್ಲಿಗೆ ಬಂದ, ಅಜ್ಜಿಯೂ ಜೊತೆಗೆ. ಎರಡೂ ಡಬ್ಬಿಯನ್ನು ಮೇಜಿನ ಮೇಲೆ ತಿರುಗಿಸಿಟ್ಟು ಹಿಂದಿನ ಪಟ್ಟಿ ಓದಿದೆವು.

ಕ್ಯಾಲರಿಯಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ ಅಂದರೂ ನಡೆಯುತ್ತದೆ. ಪ್ರೋಟೀನ್, ಕೊಬ್ಬು, ಕಬ್ಬಿಣ, ಸುಣ್ಣ, ಜೀವಸತ್ವ ಎಲ್ಲ ಆಸುಪಾಸು. ಅದು ಕಾಕತಾಳೀಯ ಅಲ್ಲ. ಶಿಶು ಆಹಾರದಲ್ಲಿ ಯಾವುದು ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕಟ್ಟಳೆ ಇದೆ, 2020ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ನಿಯಮ ತಂದರು. ಲ್ಯಾಕ್ಟೋಜೆನ್, ನ್ಯಾನ್, ಡೆಕ್ಸೋಲ್ಯಾಕ್, ಸಿಮಿಲ್ಯಾಕ್, ಯಾವುದೇ ಇರಲಿ, ಒಂದನೇ ಹಂತ ಅಂತ ಮಾರಬೇಕಾದರೆ ಆ ಚೌಕಟ್ಟಿನೊಳಗೇ ಇರಬೇಕು. ದುಬಾರಿಯದರಲ್ಲಿ ಆ ಚೌಕಟ್ಟಿನ ಮೇಲೆ ಒಂದಿಷ್ಟು ಸೇರಿಸಿರುತ್ತಾರೆ: ಡಿಎಚ್‌ಎ ಎಂಬ ಕೊಬ್ಬಿನ ಅಂಶ, ಪ್ರೋಬಯೋಟಿಕ್ ಅಂದರೆ ಹೊಟ್ಟೆಗೆ ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾ, ನ್ಯೂಕ್ಲಿಯೋಟೈಡ್ ಎಂಬ ಜೀವಕೋಶದ ಸಣ್ಣ ಅಂಶ, ಎದೆಹಾಲಿನ ಹತ್ತಿರಕ್ಕೆ ತಂದ ವೇ ಮತ್ತು ಕೇಸಿನ್ ಎಂಬ ಹಾಲಿನ ಪ್ರೋಟೀನುಗಳ ಪ್ರಮಾಣ. ಹೈದರಾಬಾದಿನವರು ಹೇಳಿದ "ಬುದ್ಧಿ" ಅಂದರೆ ಈ ಡಿಎಚ್‌ಎ. ಎದೆಹಾಲಿನಲ್ಲಿ ಅದು ಇರುವುದು ಖರೆ, ಆದರೆ ಡಬ್ಬಿಗೆ ಹಾಕಿದ್ದರಿಂದ ಅವಧಿ ತುಂಬಿ ಹುಟ್ಟಿದ ಮಕ್ಕಳ ಬುದ್ಧಿ ಹೆಚ್ಚಾಯಿತು ಅಂತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಸ್ಪಷ್ಟವಾಗಿ ಕಂಡಿಲ್ಲ. ಕೈಯಲ್ಲಿ ರೊಕ್ಕ ಇದ್ದವರು ಕೊಳ್ಳಲಿ, ಕೆಟ್ಟದ್ದೇನಲ್ಲ. ಇಲ್ಲದವರು ಕೊರಗುವ ಅಗತ್ಯ ಇಲ್ಲ.

ಪಟ್ಟಿಯಲ್ಲಿ ನಾನು ನೋಡುವ ನಿಜವಾದ ವ್ಯತ್ಯಾಸ ಒಂದಿದೆ, ಸಕ್ಕರೆ ಎಲ್ಲಿಂದ ಬಂತು ಅಂತ. ಲ್ಯಾಕ್ಟೋಸ್ ಮುಖ್ಯವಾಗಿದ್ದರೆ ಒಳ್ಳೆಯದು. ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್ಟ್ರಿನ್ ಸೇರಿಸಿದವು ಇರುತ್ತವೆ, ಸುಕ್ರೋಸ್ ಅಂದರೆ ನಮ್ಮ ಮನೆ ಸಕ್ಕರೆ ಸೇರಿಸಿದವೂ ಸಿಗಬಹುದು. ಒಂದೇ ಬೆಲೆಯ ಎರಡು ಡಬ್ಬಿ ಮುಂದಿದ್ದರೆ ಲ್ಯಾಕ್ಟೋಸ್ ಇರುವುದನ್ನು ಎತ್ತಿಕೊಳ್ಳಿ. ಹಂತದ ಅಂಕಿ ನೋಡಿ, ಎರಡು ಅಂದರೆ ಆರು ತಿಂಗಳ ಮೇಲೆ. ಎಕ್ಸ್‌ಪೈರಿ ನೋಡಿ, ಜಜ್ಜಿದ ಅಥವಾ ಉಬ್ಬಿದ ಡಬ್ಬಿ ಬೇಡ. ಚಹಾಕ್ಕೆ ಹಾಕುವ ಹಾಲಿನ ಪುಡಿಯನ್ನು, ಎರಡು ವರ್ಷದ ಮೇಲಿನ ಮಕ್ಕಳ ಪೇಯದ ಪುಡಿಯನ್ನು ಇದೇ ಅಂದುಕೊಂಡು ಒಯ್ಯುವವರನ್ನು ನಾನು ಕಂಡಿದ್ದೇನೆ, ಅದು ದೊಡ್ಡ ಅನಾಹುತ.

ಡಬ್ಬಿಯ ಮೇಲೆ ಮಗುವಿನ ಚಿತ್ರ ಯಾಕಿಲ್ಲ ಅಂತ ಅಜ್ಜಿ ಕೇಳಿದರು. ಒಳ್ಳೆ ಪ್ರಶ್ನೆ. 1992ರ ಕಾನೂನು ಇದೆ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲಿಗೆ, ಬಾಟ್ಲಿಗೆ ಜಾಹೀರಾತು ಕೊಡುವಂತಿಲ್ಲ. ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ. ಡಾಕ್ಟರು, ನರ್ಸುಗಳಿಗೆ ಉಡುಗೊರೆ ಕೊಡುವಂತಿಲ್ಲ. ಡಬ್ಬಿಯ ಮೇಲೆ ಕೂಸಿನ, ತಾಯಿಯ ಚಿತ್ರ ಹಾಕುವಂತಿಲ್ಲ, ತಾಯಿಯ ಹಾಲೇ ಉತ್ತಮ ಅಂತ ಕಾಣುವಂತೆ ಬರೆಯಲೇಬೇಕು. ಟಿವಿಯಲ್ಲಿ ಈ ಡಬ್ಬಿಗಳ ಜಾಹೀರಾತು ಬರದಿರುವುದು ಇದಕ್ಕೇ. ಜಾಹೀರಾತು ಇಲ್ಲದ ಜಾಗವನ್ನು ಸಂಬಂಧಿಕರು ತುಂಬುತ್ತಾರೆ, ಅದಕ್ಕೆ ಯಾವ ಕಾನೂನೂ ಇಲ್ಲ ನೋಡಿ.

ಆಮೇಲೆ ರೊಕ್ಕದ ಲೆಕ್ಕ. ನನ್ನ ಮಟ್ಟಿಗೆ ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ, ಆದರೆ ಇದನ್ನು ಕೂತು ಮಾಡುವವರೇ ಕಡಿಮೆ. ಬರೀ ಡಬ್ಬಿ ಹಾಲೇ ಕುಡಿಯುವ ಕೂಸಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 150 ಮಿ.ಲೀ. ಅಂತ ಹಿಡಿಯಿರಿ. 3.5 ಕೆ.ಜಿ.ಗೆ 525 ಮಿ.ಲೀ., ಹದಿನೇಳೂವರೆ ಚಮಚ, ಸುಮಾರು 79 ಗ್ರಾಂ. ಐದು ದಿನಕ್ಕೆ ಒಂದು ಡಬ್ಬಿ, ತಿಂಗಳಿಗೆ ಆರು. ₹450ರ ಡಬ್ಬಿಯಾದರೆ ₹2,700. ₹850ರದ್ದಾದರೆ ₹5,100. ಅಷ್ಟಕ್ಕೇ ನಿಲ್ಲುವುದಿಲ್ಲ, ಕೂಸು ಐದು ಕೆ.ಜಿ. ಆದಾಗ ದಿನಕ್ಕೆ 25 ಚಮಚ ಬೇಕು, ತಿಂಗಳಿಗೆ ಎಂಟೂವರೆ ಡಬ್ಬಿ, ಅಂದರೆ ₹3,800 ಅಥವಾ ₹7,200. ಹದಿನೆಂಟು ಸಾವಿರ ಸಂಬಳದಲ್ಲಿ ಏಳು ಸಾವಿರ ಹಾಲಿಗೆ! ಯಾರಾದರೂ ಏನು ಮಾಡುತ್ತಾರೆ? ಎಳೆಯುತ್ತಾರೆ. ಅಜ್ಜಿ ಮಾಡಿದ್ದೂ ಅದೇ. ದುಬಾರಿ ಡಬ್ಬಿ ತಂದಾಗಲೇ ಅದಕ್ಕೆ ನೀರು ಬೀಳುವುದು ಖಾತ್ರಿಯಾಗಿತ್ತು ಅಂತ ನಾನು ಹೇಳುತ್ತೇನೆ.

ಹಾಗಾಗಿ ಯಾವ ಡಬ್ಬಿ ಚಲೋ ಅಂತ ಕೇಳಿದವರಿಗೆ ನನ್ನ ಉತ್ತರ ಇದು: ಅಳತೆ ಒಂದು ಚಮಚವೂ ಕಡಿಮೆ ಮಾಡದೆ, ತಿಂಗಳು ಪೂರ್ತಿ, ಮುಂದಿನ ತಿಂಗಳೂ ಕೊಳ್ಳಲು ನಿಮ್ಮಿಂದ ಆಗುವ ಡಬ್ಬಿ. ಅವರು ಮೊದಲಿನದಕ್ಕೇ ವಾಪಸ್ ಹೋದರು. ಅರ್ಧ ಉಳಿದಿದ್ದ ದುಬಾರಿ ಡಬ್ಬಿಯನ್ನು ಎಸೆಯಬೇಕಾ ಅಂದರು. ಯಾಕೆ ಎಸೆಯಬೇಕು, ತೊಂಬತ್ತಕ್ಕೆ ಮೂರು ಹಾಕಿ ಮುಗಿಸಿ ಅಂದೆ. ಎರಡು ದಿನದಲ್ಲಿ ಮುಗಿಯಿತು.

ಅಜ್ಜಿಗೆ ಇನ್ನೊಂದು ಆಸೆ ಇತ್ತು, ಮನೆಯಲ್ಲೇ ಎಮ್ಮೆ ಇದೆ, ಗಟ್ಟಿ ಹಾಲು, ನೀರು ಬೆರೆಸಿ ಕೊಟ್ಟರೆ ರೊಕ್ಕವೇ ಬೇಡ ಅಂತ. ನಮ್ಮ ಕಡೆ ಈ ಮಾತು ಬರದ ಮನೆ ಇಲ್ಲ. ಎದೆಹಾಲಿನಲ್ಲಿ 100 ಮಿ.ಲೀ.ಗೆ ಪ್ರೋಟೀನ್ ಒಂದು ಗ್ರಾಂ ಚಿಲ್ಲರೆ, ಆಕಳ ಹಾಲಿನಲ್ಲಿ ಮೂರು ದಾಟುತ್ತದೆ, ಎಮ್ಮೆಯದರಲ್ಲಿ ಇನ್ನೂ ಜಾಸ್ತಿ, ಕೊಬ್ಬಂತೂ ಕೇಳಲೇಬೇಡಿ. ಸಣ್ಣ ಕೂಸಿನ ಕಿಡ್ನಿಗೆ ಆ ಭಾರ ಹೊರಲು ಆಗುವುದಿಲ್ಲ. ಕಬ್ಬಿಣ ಬಹಳ ಕಡಿಮೆ, ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಿ ರಕ್ತಹೀನತೆ ಬರಬಹುದು. ನೀರು ಬೆರೆಸಿದರೆ ಪ್ರೋಟೀನ್ ಇಳಿಯುತ್ತದೆ, ಜೊತೆಗೆ ಶಕ್ತಿಯೂ ಇಳಿಯುತ್ತದೆ. ಒಂದು ವರ್ಷದವರೆಗೆ ಕುಡಿಯುವ ಹಾಲಾಗಿ ಅದು ಬೇಡ. "ನಿಮ್ಮನ್ನೆಲ್ಲ ಅದ್ರಾಗೇ ಬೆಳಸೀವಿ" ಅಂದರು ಅಜ್ಜಿ. ಹೌದ್ರಿ ಅವ್ವಾರ, ಬೆಳೆದವರು ಇಲ್ಲಿ ನಿಂತು ಮಾತಾಡುತ್ತಿದ್ದೇವೆ, ಬೆಳೆಯದವರು ಬಂದು ಹೇಳುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಾದರು.

ಬೆರೆಸುವ ಕೆಲಸದ ಬಗ್ಗೆ ಹೇಳಲೇಬೇಕು. ಪೌಡರ್ ಡಬ್ಬಿ ಒಳಗೆ ಪೂರ್ತಿ ಕ್ರಿಮಿಮುಕ್ತ ಅಲ್ಲ, ಮುಚ್ಚಿದ ಡಬ್ಬಿಯಲ್ಲೂ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅಪರೂಪಕ್ಕೆ ಇರಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು, ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಅಂತ. ನೀರು ಕುದಿಸಿ ಇಳಿಸಿ, ಅರ್ಧ ತಾಸಿನೊಳಗೆ ಬೆರೆಸಿದರೆ ಆ ಬಿಸಿ ಇರುತ್ತದೆ. ಆಮೇಲೆ ಬಾಟ್ಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ ಕೊಡಬೇಕು. ಕೆಲವು ಡಬ್ಬಿಯ ಮೇಲೆ ಉಗುರು ಬೆಚ್ಚಗಿನ ನೀರು ಅಂತ ಬರೆದಿರುತ್ತದೆ, ಪ್ರೋಬಯೋಟಿಕ್ ಸಾಯಬಾರದು ಅಂತ. ಎರಡು ತಿಂಗಳೊಳಗಿನ ಕೂಸಿಗೆ, ತಿಂಗಳು ತುಂಬದೆ ಹುಟ್ಟಿದವಕ್ಕೆ ನಾನಾದರೆ ಬಿಸಿ ನೀರಿನ ಕಡೆಗೇ ಇರುತ್ತೇನೆ.

ಮೊದಲು ನೀರು, ಆಮೇಲೆ ಪುಡಿ. ಪುಡಿ ಹಾಕಿ ಗೆರೆಯವರೆಗೆ ನೀರು ಹಾಕಿದರೆ ಹಾಲು ಗಟ್ಟಿಯಾಗುತ್ತದೆ, ಅದೂ ಕೂಸಿಗೆ ಕೆಟ್ಟದ್ದೇ. ಚಮಚವನ್ನು ಒತ್ತಿ ತುಂಬುವುದಲ್ಲ, ಮೇಲೆ ಸಮ ಮಾಡುವುದು. ಆ ಡಬ್ಬಿಯ ಚಮಚ ಆ ಡಬ್ಬಿಗೇ, ಹಳೆಯದನ್ನು ಹೊಸದಕ್ಕೆ ಹಾಕಬಾರದು, ಒಂದೊಂದು ಕಂಪನಿಯ ಚಮಚ ಒಂದೊಂದು ತೂಕ. 30 ಮಿ.ಲೀ.ಗೆ ಒಂದು ಅನ್ನುವುದೂ ಎಲ್ಲ ಡಬ್ಬಿಗೂ ಅಲ್ಲ, ಓದಿ ನೋಡಬೇಕು. ಅಜ್ಜಿಗೆ ಓದಲು ಬರುವುದಿಲ್ಲ. ತಂಗಿ ಬಾಟ್ಲಿಯ ಅರವತ್ತರ ಗೆರೆಗೆ ನೇಲ್ ಪಾಲಿಶ್ ಹಚ್ಚಿ, ಡಬ್ಬಿಯ ಮುಚ್ಚಳದ ಮೇಲೆ ಎರಡು ಚಮಚದ ಚಿತ್ರ ಬರೆದಳು. ನಾನು ಹೇಳಿದ ಎಲ್ಲಕ್ಕಿಂತ ಕೆಲಸ ಮಾಡಿದ್ದು ಅದೇ.

ನೀರು ಯಾವುದು? ಆ ಊರಿನ ಬೋರ್‌ವೆಲ್ ನೀರು ಸವಳು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಆದರೆ ಉಪ್ಪು, ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆರಿ ಕಡಿಮೆಯಾದಂತೆ ಅವು ಇನ್ನೂ ಗಟ್ಟಿಯಾಗುತ್ತವೆ. ಊರಿನಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಇದೆ. ಕೂಸಿಗೆ ಆ ನೀರೇ ತರಿಸಿ, ಅದನ್ನೂ ಕುದಿಸಿ ಬಳಸಿ ಅಂದೆ. ಬೆರೆಸಿದ ಹಾಲು ಎರಡು ತಾಸಿನೊಳಗೆ ಮುಗಿಯಬೇಕು, ಬಾಯಿ ಹಚ್ಚಿ ಬಿಟ್ಟದ್ದನ್ನು ಚೆಲ್ಲಬೇಕು. ನಮ್ಮ ಬಿಸಿಲಲ್ಲಿ, ಕರೆಂಟ್ ಹೋಗಿ ಬರುವ ಊರಲ್ಲಿ, ಉಳಿದ ಹಾಲನ್ನು ಮುಂದಿನ ಸಲಕ್ಕೆ ಇಡುವುದು ಬೇಡವೇ ಬೇಡ. ಬಾಟ್ಲಿ ನಿಪ್ಪಲ್ ತೊಳೆಯುವುದು ಕಷ್ಟ ಅನ್ನುವವರಿಗೆ ಸ್ಟೀಲ್ ಬಟ್ಟಲು, ಚಮಚ ಸಾಕು. ಅದನ್ನು ಕುದಿಸುವುದು ಸುಲಭ, ಕೂಸು ಎದೆ ಮರೆಯುವುದೂ ಕಡಿಮೆ.

ಇಷ್ಟೆಲ್ಲ ಹೇಳಿದರೂ ಈ ಪ್ರಕರಣವನ್ನು ನಿಜವಾಗಿ ತಿರುಗಿಸಿದ್ದು ಡಬ್ಬಿ ಅಲ್ಲ. ಡಾಕ್ಟರ ಹತ್ತಿರ ಇದ್ದ ನರ್ಸ್ ಬಾಣಂತಿಯನ್ನು ಕೂಡಿಸಿಕೊಂಡು ಹಾಲು ಕುಡಿಸುವುದನ್ನು ನೋಡಿದರು. ಹೊಲಿಗೆ ನೋವಿಗೆ ಅವಳು ಬಾಗಿ ಕೂರುತ್ತಿದ್ದಳು, ಕೂಸಿನ ಬಾಯಿಗೆ ತೊಟ್ಟಿನ ತುದಿ ಮಾತ್ರ ಸಿಗುತ್ತಿತ್ತು. ಪಕ್ಕಕ್ಕೆ ಮಲಗಿ ಕುಡಿಸಲು ಕಲಿಸಿದರು. ಬಾಯಿ ಅಗಲವಾಗಿ ತೆರೆದಾಗ ತೊಟ್ಟಿನ ಸುತ್ತಲ ಕಪ್ಪು ಭಾಗವೂ ಒಳಗೆ ಹೋಗುವಂತೆ ಹಚ್ಚಲು ತೋರಿಸಿದರು. ಪ್ರತಿ ಸಲವೂ ಮೊದಲು ಎದೆ, ಆಮೇಲೆ ಬೇಕಾದರೆ 60 ಮಿ.ಲೀ. ಡಬ್ಬಿ ಹಾಲು. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ, ರಾತ್ರಿಯದನ್ನು ತಪ್ಪಿಸಬಾರದು, ಹಾಲು ಹೆಚ್ಚಿಸುವ ಹಾರ್ಮೋನ್ ರಾತ್ರಿಯೇ ಜಾಸ್ತಿ. ದಿನಕ್ಕೆ ಆರು ಅಥವಾ ಹೆಚ್ಚು ಸಲ ಉಚ್ಚೆ ಹೋಗುತ್ತಿದೆಯಾ ನೋಡಿ, ವಾರಕ್ಕೊಮ್ಮೆ ತೂಕ ಹಾಕಿಸಿ ಅಂದರು. ಏಳು ವಾರದಲ್ಲಿ ಇಳಿದುಹೋದ ಹಾಲು ವಾಪಸ್ ಬರುತ್ತಾ ಅಂತ ನನಗೆ ಒಳಗೊಳಗೇ ಅನುಮಾನ ಇತ್ತು. ಬಂತು. ಒಂದೇ ದಿನಕ್ಕೆ ಅಲ್ಲ, ಮೊದಲ ವಾರ ಬಾಣಂತಿ ಅತ್ತುಕೊಂಡೇ ಕುಡಿಸಿದಳಂತೆ.

ಎರಡು ವಾರದ ಮೇಲೆ ತೂಕ 3.95. ದಿನಕ್ಕೆ ಮೂವತ್ತರ ಮೇಲೆ ಏರಿತ್ತು. ಹಸಿರು ಕಕ್ಕ ಯಾವ ಹೊಸ ಡಬ್ಬಿಯೂ ಇಲ್ಲದೆ ಹಳದಿಗೆ ತಿರುಗಿತು. ಮೂರು ತಿಂಗಳು ತುಂಬಿದಾಗ 4.7 ಕೆ.ಜಿ., ಕಾರ್ಡಿನಲ್ಲಿ ಮತ್ತೆ ಹಸಿರು ಪಟ್ಟಿ, ಅದರ ಕೆಳ ಅಂಚಿನಲ್ಲಿ. ಡಬ್ಬಿ ಪೂರ್ತಿ ಬಿಟ್ಟಿಲ್ಲ. ಸಂಜೆ ಒಂದು, ರಾತ್ರಿ ಮಲಗುವ ಮುಂಚೆ ಒಂದು, ಎರಡು ಸಲ 90 ಮಿ.ಲೀ. ಇದೆ. 400 ಗ್ರಾಂ ಡಬ್ಬಿ ಈಗ ಎರಡು ವಾರ ಬರುತ್ತದೆ, ಈ ಸಲ ಲೆಕ್ಕ ಸರಿಯಾಗಿಯೇ. ಡಬ್ಬಿ ತೆರೆದ ಮೇಲೆ ಎಷ್ಟು ವಾರದೊಳಗೆ ಮುಗಿಸಬೇಕು ಅಂತ ಅದರ ಮೇಲೆ ಬರೆದಿರುತ್ತದೆ, ಸಾಮಾನ್ಯವಾಗಿ ಮೂರು ನಾಲ್ಕು ವಾರ, ಹಾಗಾಗಿ ಅದಕ್ಕೂ ತೊಂದರೆ ಇಲ್ಲ.

ಹೋದ ಸಲ ಬಂದಾಗ ತಂದೆ ಎರಡನೇ ಹಂತದ ಡಬ್ಬಿ ಯಾವಾಗ ಶುರು ಮಾಡಬೇಕು ಅಂತ ಕೇಳಿದ. ಆರು ತಿಂಗಳಿಗೆ ಮೆತ್ತಗಿನ ಅನ್ನ, ತೊಗರಿ ಬೇಳೆ, ಚೆನ್ನಾಗಿ ಮಸೆದ ತರಕಾರಿ ಶುರುವಾಗುತ್ತದೆ, ಎದೆಹಾಲು ಎರಡು ವರ್ಷದವರೆಗೂ ಇರಲಿ. ಎರಡನೇ ಹಂತದ ಡಬ್ಬಿ ಬೇಕೇ ಬೇಕು ಅಂತಿಲ್ಲ, ಆಗ ಎಷ್ಟು ಎದೆಹಾಲು ಇದೆ ನೋಡಿ ಡಾಕ್ಟರು ಹೇಳುತ್ತಾರೆ ಅಂದೆ. ದಾಲ್ ಮಿಲ್‌ನವನಿಗೆ ತೊಗರಿ ಬೇಳೆ ಎಲ್ಲಿ ಸಿಗುತ್ತದೆ ಅಂತ ನಾನು ಹೇಳಬೇಕಿರಲಿಲ್ಲ.